ಓಲೆ ಹೊತ್ತವನ ಪಯಣ

ಲಕ್ಷ್ಮೀಶನ ಜೈಮಿನಿ ಭಾರತವನ್ನು ಗಮಕಿಗಳ ಬಾಯಿಂದ ಒಮ್ಮೆಯಾದರೂ ಕೇಳಿದವರು ಚಂದ್ರಹಾಸನ ಕಥೆಯನ್ನು ಮರೆಯಲಾರರು. ಮಂತ್ರಿಯಾದ ದುಷ್ಟಬುದ್ಧಿಯು ಆ ತರುಣನ ಕೈಗೆ ಒಂದು ಓಲೆಯನ್ನಿತ್ತು, ಕುಂತಳದಲ್ಲಿರುವ ತನ್ನ ಮಗನಿಗೆ ಒಪ್ಪಿಸುವಂತೆ ಕಳುಹುವನು. ತಂದವನಿಗೆ ವಿಷವನ್ನು ಕೊಡತಕ್ಕದ್ದೆಂಬುದು ಓಲೆಯ ಒಕ್ಕಣೆ. ಚಂದ್ರಹಾಸನು ಅದನ್ನು ಒಡೆದು ನೋಡುವವನಲ್ಲ. ನಂಬಿ ಹೊತ್ತು ನಡೆಯುವನು. ಊರ ಹೊರಗಣ ಉದ್ಯಾನದಲ್ಲಿ ಅವನು ದಣಿದು ಮಲಗಿರಲು, ಮಂತ್ರಿಯ ಮಗಳಾದ ವಿಷಯೆಯು ಓಲೆಯನ್ನು ಓದಿ, ತನ್ನ ಕಣ್ಣಿನ ಕಾಡಿಗೆಯಿಂದಲೇ ಅಕ್ಷರವನ್ನು ತಿದ್ದಿ, ವಿಷದ ಬದಲಿಗೆ ವಿಷಯೆಯನ್ನು ಕೊಡುವಂತೆ ಮಾಡಿಬಿಡುವಳು.

ಓಲೆಯನ್ನು ಒಂದೂರಿನಿಂದ ಮತ್ತೊಂದೂರಿಗೆ ಮುಟ್ಟಿಸುವುದು ಕಾರ್ಯಗಳಲ್ಲೆಲ್ಲ ಅಲ್ಪವಾದುದು. ನಮ್ಮ ಅಂಚೆಯವನು ದಿನವೂ ಮಾಡುವುದು ಅದನ್ನೇ. ಅಂತಹ ಅಲ್ಪಕಾರ್ಯದಿಂದ ಇಷ್ಟು ರಸವತ್ತಾದ ಕಥೆ ಹುಟ್ಟಿದುದು ಹೇಗೆ? ವಿಚಾರಿಸಿ ನೋಡಿದರೆ ಎರಡು ಸಂಗತಿಗಳು ಕಾಣುವುವು. ಹೊತ್ತವನಿಗೆ ತಾನು ಹೊತ್ತಿರುವುದೇನೆಂದು ತಿಳಿಯದು. ಮತ್ತು ಹೊರಟ ಊರಿಗೂ ಸೇರುವ ಊರಿಗೂ ನಡುವೆ ನಿಜವಾದ ದಾರಿಯೊಂದಿದೆ. ಕಳುಹಿದವನು ನೆನೆಸದೆ ಇದ್ದುದು ಅಲ್ಲಿ ಸಂಭವಿಸಬಹುದು. ಈ ಎರಡರಲ್ಲಿ ಒಂದು ತಪ್ಪಿದರೂ ಉಳಿಯುವುದು ಅಂಚೆಯವನ ಕೆಲಸ ಮಾತ್ರ.

ಈ ಮಾತನ್ನು ಹಳೆಯ ಕಾವ್ಯದ ವಿಮರ್ಶೆಗಾಗಿ ನಾನು ಎತ್ತಿದುದಲ್ಲವೆಂದು ವಾಚಕರಲ್ಲಿ ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. ನಮ್ಮ ಮನೆಗಳ ಹುಡುಗರು ಕಂಪ್ಯೂಟರಿನ ಮುಂದೆ ಕುಳಿತು ಆಡುವ ಆಟಗಳಲ್ಲಿ ಒಂದು ಜಾತಿ ಕೇವಲ ಕಥೆಯಿಂದಲೇ ಬದುಕಿರುವುದು. ಆಡುವವನು ಒಂದು ಪಾತ್ರವನ್ನು ವಹಿಸಿ, ಕಲ್ಪಿತವಾದೊಂದು ದೇಶದಲ್ಲಿ ಸಂಚರಿಸಿ, ಅಲ್ಲಿನ ಜನರು ಒಪ್ಪಿಸಿದ ಕಾರ್ಯಗಳನ್ನು ನೆರವೇರಿಸುತ್ತ ಕಥೆಯನ್ನು ಮುಂದಕ್ಕೆ ಸಾಗಿಸಬೇಕು. ಒಂದೊಂದು ಕಾರ್ಯಕ್ಕೂ ಆಟದವರು 'ಕ್ವೆಸ್ಟ್' ಎನ್ನುತ್ತಾರೆ. ಆಟವೆಂದೊಡನೆ ಮುಖ ತಿರುಗಿಸುವ ಹಿರಿಯರಲ್ಲಿ ನಾನೂ ಒಬ್ಬನಾಗಿದ್ದೆನು. ಮೊಮ್ಮಗನ ಪಕ್ಕದಲ್ಲಿ ಎರಡು ಬೇಸಗೆಯ ರಜೆಗಳನ್ನು ಕಳೆದ ಮೇಲೆ, ಇದು ಸಾಹಿತ್ಯವಿಮರ್ಶೆಗೆ ಹೊರತಾದ ವಸ್ತುವಲ್ಲವೆಂಬ ನಂಬಿಕೆ ಹುಟ್ಟಿತು. ಕಾರ್ಯವನ್ನು ಒಪ್ಪಿಸುವ ಕಥನಪದ್ಧತಿ ನಮಗೆ ಹೊಸದೆ? ದ್ರೌಪದಿಯು ಒಂದು ಹೂವನ್ನು ಬೇಡಿದಳು; ಭೀಮನು ಹೊರಟನು; ಹೂವಿಗೆ ಮುಂಚೆ ದಾರಿಗಡ್ಡವಾಗಿ ಅವನಿಗೆ ದೊರೆತುದು ಒಂದು ಮುದಿ ಕಪಿಯ ಬಾಲ, ಆ ಬಾಲದ ಹಿಂದೆ ಅಣ್ಣನಾದ ಹನುಮಂತ. ಧರ್ಮರಾಯನ ತಮ್ಮಂದಿರು ನೀರು ತರಲು ಹೋದರು. ಕೊಳದ ದಡದಲ್ಲಿ ಯಕ್ಷನ ಪ್ರಶ್ನೆಗಳು ಕಾದಿದ್ದುವು. ಹೂವು, ನೀರು, ಓಲೆ, ಇವುಗಳನ್ನು ತರುವುದು ಒಯ್ಯುವುದು ಎಂಬ ನೆಪದ ಮೇಲೆಯೇ ನಮ್ಮ ಮಹಾಕವಿಗಳು ದೊಡ್ಡ ಕಟ್ಟಡಗಳನ್ನು ಎಬ್ಬಿಸಿದರು. ಆದುದರಿಂದ ಈ ಆಟಗಳನ್ನು ನಮ್ಮ ಒರೆಗಲ್ಲಿಗೆ ತಿಕ್ಕಿ ನೋಡುವುದು ಅನ್ಯಾಯವಾಗಲಾರದು.

ನಾನು ಆರಿಸಿಕೊಂಡಿರುವುದು 'ಎಲ್ಡರ್ ಸ್ಕ್ರೋಲ್ಸ್' ಎಂಬ ಮಾಲೆಯನ್ನು. ಪ್ರಾಚೀನವಾದ ಓಲೆಸುರುಳಿಗಳೆಂದು ಹೆಸರಿನ ಅರ್ಥವನ್ನು ಬಿಡಿಸಬಹುದು. ಅಮೆರಿಕದ ಮೇರಿಲ್ಯಾಂಡ್ ಸೀಮೆಯ ಬೆಥೆಸ್ಡಾ ಎಂಬ ಸಂಸ್ಥೆಯು ಇದನ್ನು ಹೊರಡಿಸಿತು. ಮೊದಲನೆಯದಾದ 'ಅರೀನಾ' 1994ರಲ್ಲಿಯೂ, 'ಡ್ಯಾಗರ್‌ಫಾಲ್' 1996ರಲ್ಲಿಯೂ, 'ಮಾರೋವಿಂಡ್' 2002ರಲ್ಲಿಯೂ, 'ಒಬ್ಲಿವಿಯನ್' 2006ರಲ್ಲಿಯೂ, 'ಸ್ಕೈರಿಮ್' 2011ರಲ್ಲಿಯೂ ಪ್ರಕಟವಾದುವು. ಹಲವರು ಕೂಡಿ ಆಡುವ ಬೇರೊಂದು ಆಟವೂ ಈ ಹೆಸರಿನಲ್ಲಿ 2014ರಲ್ಲಿ ಬಂದಿತಾದರೂ ಅದರ ಗೊಡವೆ ನಮಗೆ ಬೇಡ. ಐದಕ್ಕೂ ಭೂಮಿಕೆ ಟ್ಯಾಮ್ರಿಯಲ್ ಎಂಬ ಕಲ್ಪಿತ ಖಂಡ. 'ಡ್ಯಾಗರ್‌ಫಾಲ್' ಒಂದನ್ನು ಬಿಟ್ಟರೆ ಉಳಿದ ನಾಲ್ಕರಲ್ಲಿಯೂ ನಾಯಕನು ಆರಂಭದಲ್ಲಿ ಬಂದಿ. ಅವನು ಯಾವ ಕುಲದವನು, ಏಕೆ ಸೆರೆಯಾದನು ಎಂಬುದನ್ನು ಕಥೆಗಾರರು ಹೆಚ್ಚಾಗಿ ಹೇಳದೆ ಬಿಡುವರು. ನಾಯಕನ ಹಿಂದಣ ಪುಟವನ್ನು ಬರಿದಾಗಿ ಬಿಟ್ಟು, ಆಡುವವನು ತನ್ನ ಹೆಸರನ್ನು ಬರೆದುಕೊಳ್ಳಲೆಂಬ ಜಾಣತನ ಇದು.

'ಅರೀನಾ'ದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಚಕ್ರವರ್ತಿಯನ್ನು ಅವನ ಮಾಂತ್ರಿಕನೇ ಬೇರೊಂದು ಲೋಕದಲ್ಲಿ ಬಂಧಿಸಿ, ಅವನ ರೂಪವನ್ನು ಧರಿಸಿ ಸಿಂಹಾಸನವನ್ನೇರಿದ್ದಾನೆ. ಎಂಟು ತುಂಡಾಗಿ ದೇಶದ ಮೂಲೆಮೂಲೆಗಳಲ್ಲಿ ಅಡಗಿರುವ ಮಂತ್ರದಂಡವನ್ನು ಕೂಡಿಸಬೇಕು. ಒಂದೊಂದು ತುಂಡಿಗೂ ಅದೇ ಕ್ರಮ: ಅದು ಎಲ್ಲಿದೆಯೆಂದು ವಿಚಾರಿಸುವುದು, ಬಲ್ಲವನಿಗೆ ಒಂದು ಉಪಕಾರ ಮಾಡುವುದು, ಬಳಿಕ ಗುಹೆಯನ್ನು ಹೊಗುವುದು. ಹೀಗೆ ಎಂಟು ಸಲ. ಏಳು ಸಮುದ್ರದಾಚೆ ಗಿಣಿಯ ಕೊರಳಲ್ಲಿ ರಾಕ್ಷಸನ ಪ್ರಾಣವಿದೆಯೆನ್ನುವ ಅಜ್ಜಿಯೂ ಸಮುದ್ರಗಳನ್ನು ಒಂದೊಂದಾಗಿ ಏಳು ಸಲ ದಾಟಿಸುವಷ್ಟು ನಿರ್ದಯಳಲ್ಲ.

'ಡ್ಯಾಗರ್‌ಫಾಲ್' ಬೇರೆಯ ಮಾತು. ಅದರ ವಿಸ್ತಾರವು ಒಂದೂವರೆ ಲಕ್ಷ ಚದರ ಕಿಲೋಮೀಟರಿಗೂ ಮಿಗಿಲೆಂದು ಹೇಳುವರು. ಊರು, ಕೋಟೆ, ಗುಡಿ, ಗುಹೆಗಳು ಸುಮಾರು 15,000. ಇಷ್ಟನ್ನು ಮನುಷ್ಯರು ಕುಳಿತು ಬರೆಯಲು ಸಾಧ್ಯವಿಲ್ಲವಾದುದರಿಂದ ಯಂತ್ರವೇ ಅಚ್ಚುಗಳಲ್ಲಿ ಹೊಯ್ದು ಊರುಗಳನ್ನೂ ಕಾರ್ಯಗಳನ್ನೂ ತೆಗೆಯಿತು. ಆದರೆ ಅದರ ಮುಖ್ಯಕಥೆಯ ಮೂಲದಲ್ಲಿಯೂ ಒಂದು ಪತ್ರವಿದೆ. ಚಕ್ರವರ್ತಿಯು ರಾಣಿಯೊಬ್ಬಳಿಗೆ ಕಳುಹಿದ ಕಾಗದವು ಕೈತಪ್ಪಿ ಹೋಗಿದೆ. ಸತ್ತ ಅರಸನ ಪ್ರೇತವು ರಾತ್ರಿಯಲ್ಲಿ ಬೀದಿಬೀದಿಯಲ್ಲಿ ಸೇಡು ಸೇಡೆಂದು ಕೂಗುತ್ತಿದೆ. ಎರಡನ್ನೂ ವಿಚಾರಿಸಿ ಬಾ ಎಂದು ನಾಯಕನಿಗೆ ಆಜ್ಞೆ. ಕಡೆಯಲ್ಲಿ ಮಹಾಶಕ್ತಿಯೊಂದನ್ನು ಹಲವು ಮಂದಿ ಹಕ್ಕುದಾರರಲ್ಲಿ ಯಾರ ಕೈಗೆ ಕೊಡಬೇಕೆಂಬುದು ಆಡುವವನ ಇಚ್ಛೆ. ಕೊಟ್ಟಂತೆ ಕಥೆಯ ಮುಕ್ತಾಯವೂ ಬೇರೆಬೇರೆ. ಮುಂದಿನ ಆಟವನ್ನು ಬರೆಯುವಾಗ ಕವಿಗಳಿಗೆ ಸಂಕಟ ಬಂದಿತು: ಇಷ್ಟು ಮುಕ್ತಾಯಗಳಲ್ಲಿ ನಡೆದುದಾವುದು? ಅವರು ಯಾವುದನ್ನೂ ಸುಳ್ಳೆನ್ನಲಿಲ್ಲ. ಕಾಲವೇ ಆ ಘಳಿಗೆಯಲ್ಲಿ ಒಡೆದು ಎಲ್ಲವೂ ಏಕಕಾಲಕ್ಕೆ ನಡೆದುವೆಂದು ಪರಿಹಾರ ಹೇಳಿದರು. ನಗುವವರು ನಗಲಿ. ಗಣೆಯನ್ನು ಊದುತ್ತ ಜುಂಜಪ್ಪನ ಕಥೆಯನ್ನು ಹಾಡುವ ನಮ್ಮ ಕಾಡುಗೊಲ್ಲರಲ್ಲಿ ಒಂದು ಹಟ್ಟಿಯ ಪಾಠ ಮತ್ತೊಂದು ಹಟ್ಟಿಯ ಪಾಠವಲ್ಲ. ಯಾವುದು ಸುಳ್ಳೆಂದು ಕೇಳುವವನೇ ಅಲ್ಲಿ ಅವಿವೇಕಿ.

ಇನ್ನು 'ಮಾರೋವಿಂಡ್.' ಮಾಲೆಯಲ್ಲಿ ಇದೇ ಶ್ರೇಷ್ಠವೆಂಬುದು ನನ್ನ ಅಭಿಪ್ರಾಯ. ಕಾರಣವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ಬಂದಿಯಾದ ನಾಯಕನನ್ನು ಹಡಗಿನಿಂದ ಒಂದು ಜೌಗು ನೆಲದ ರೇವಿನಲ್ಲಿ ಇಳಿಸಿ, ಚಕ್ರವರ್ತಿಯ ಅಪ್ಪಣೆಯಂತೆ ಬಿಡುಗಡೆ ಮಾಡಿ, ಕೈಯಲ್ಲಿ ಒಂದು ಮುದ್ರೆಯೊತ್ತಿದ ಕಟ್ಟನ್ನು ಕೊಡುವರು. ಬಾಲ್ಮೋರಾ ಎಂಬ ಊರಿನ ಕೈಯಸ್ ಎಂಬವನಿಗೆ ಅದನ್ನು ಮುಟ್ಟಿಸತಕ್ಕದ್ದು. ಬೇರೆ ಮಾತಿಲ್ಲ, ಕಾವಲಿನವರು ಜೊತೆಗೆ ಬರುವುದಿಲ್ಲ, ಕಟ್ಟನ್ನು ಬಿಸುಟು ಸಮುದ್ರದ ಕಡೆಗೆ ನಡೆದರೂ ಅಡ್ಡಿಪಡಿಸುವವರಿಲ್ಲ. ಒಡೆದು ನೋಡಿದರೆ ಸಂಕೇತಲಿಪಿ, ಓದಲಾಗದು. ಎಷ್ಟೋ ದಿನಗಳ ಮೇಲೆ ಕೈಯಸನು ಅದನ್ನು ಬಿಡಿಸಿ ತೋರಿಸಿದಾಗಲೇ ತಿಳಿಯುವುದು, ಅದರಲ್ಲಿ ಬರೆದುದು ಹೊತ್ತು ತಂದವನ ವಿಚಾರವೇ ಎಂದು. ಆ ದ್ವೀಪದ ಜನರಲ್ಲಿ ಒಂದು ಭವಿಷ್ಯವಾಣಿಯಿದೆ: ಪ್ರಾಚೀನ ವೀರನಾದ ನೆರೆವಾರನು ಮರುಹುಟ್ಟು ಪಡೆದು ಬರುವನೆಂದು. ತಂದೆತಾಯಿ ಯಾರೆಂದು ತಿಳಿಯದ ಈ ಬಂದಿಗೆ ಆ ಲಕ್ಷಣಗಳು ಹೊಂದುತ್ತವೆ, ಇವನನ್ನು ಆ ಪಾತ್ರಕ್ಕೆ ಉಪಯೋಗಿಸಬಹುದು ಎಂಬುದು ಅರಮನೆಯ ಲೆಕ್ಕಾಚಾರ. ಚಂದ್ರಹಾಸನು ತನ್ನ ಮರಣವನ್ನು ತಾನೇ ಹೊತ್ತನು; ಇವನು ತನ್ನ ಅವತಾರವನ್ನು ತಾನೇ ಹೊತ್ತನು. ಕಥೆಯ ಮೊದಲನೆಯ, ಅತ್ಯಂತ ಸಾಮಾನ್ಯವಾದ ಕಾರ್ಯದಲ್ಲಿಯೇ ಇಡೀ ಕಥೆಯನ್ನು ಮಡಿಸಿ ಇಟ್ಟಿರುವ ಈ ಚಾತುರ್ಯವನ್ನು ಮುಂದಿನ ಆಟಗಳಲ್ಲಿ ಕಾಣೆನು.

ಇವನು ನಿಜವಾಗಿ ಆ ವೀರನೋ, ಅರಮನೆಯವರು ಕಟ್ಟಿದ ವೇಷವೋ? ಕಥೆಯು ಕೊನೆಯವರೆಗೂ ಬಾಯಿ ಬಿಡುವುದಿಲ್ಲ. ಇವನಿಗೆ ಮುಂಚೆ ಬಂದು ಸೋತ ಅವತಾರಿಗಳ ಪ್ರೇತಗಳನ್ನೇ ಒಂದು ಗುಹೆಯಲ್ಲಿ ಸಾಲಾಗಿ ನಿಲ್ಲಿಸಿ ತೋರಿಸುವರು. ನೆರೆವಾರನು ಹೇಗೆ ಸತ್ತನೆಂಬುದಕ್ಕೂ ದೇವಸ್ಥಾನದ ಗ್ರಂಥಗಳದು ಒಂದು ಮಾತು, ಬೂದಿಯ ಬಯಲಿನಲ್ಲಿ ಗುಡಾರ ಹೊತ್ತು ದನ ಮೇಯಿಸುವ ಅಲೆಮಾರಿಗಳದು ಮತ್ತೊಂದು ಮಾತು. ಗ್ರಂಥವು ಅವನ ಮರಣವನ್ನು ವೀರಮರಣವೆನ್ನುವುದು. ಅಲೆಮಾರಿಗಳ ಜ್ಞಾನಿಯಾದ ಹೆಂಗಸು, ಈಗ ದೇವರೆಂದು ಪೂಜೆಗೊಳ್ಳುವ ಮೂವರು ಗೆಳೆಯರೇ ಅವನನ್ನು ಕೊಂದರೆನ್ನುವಳು. ಭವಿಷ್ಯವಾಣಿಯನ್ನು ಬಾಯಿಂದ ಬಾಯಿಗೆ ಕಾಪಾಡಿಕೊಂಡು ಬಂದವರು ಈ ದನಗಾಹಿಗಳೇ. ಅವರ ಗುಡಾರದ ಮುಂದೆ ಕೈಕಟ್ಟಿ ನಿಂತು ಕೇಳದೆ ನಾಯಕನ ಕಾರ್ಯ ಮುಂದೆ ಸಾಗದು. ಊರಿನ ಪಂಡಿತರು ಕೀಳಾಗಿ ಕಾಣುವ ಜನರಲ್ಲಿ ಕಥೆಯ ಬೀಗದಕೈಯನ್ನು ಇರಿಸಿದುದು ಕವಿಗಳ ವಿವೇಕ.

ಈ 'ಕೇಳುವುದು' ಎಂಬುದೇ ಮಾರೋವಿಂಡಿನ ಪ್ರಾಣ. ಅಲ್ಲಿ ದಾರಿ ತೋರುವ ಮುಳ್ಳಿಲ್ಲ, ಬಾಣದ ಗುರುತಿಲ್ಲ. ಕೈಯಸನು ಒಪ್ಪಿಸಿದ ಮೊದಲ ಕೆಲಸದಲ್ಲಿ ಒಬ್ಬ ಪಂಡಿತನು, ಹಾಳೂರೊಂದರಲ್ಲಿರುವ ಪುಟ್ಟ ಲೋಹದ ಪೆಟ್ಟಿಗೆಯನ್ನು ತಂದುಕೊಟ್ಟರೆ ಮಾತ್ರ ಬಾಯಿ ಬಿಡುವೆನೆನ್ನುವನು. ದಾರಿಯನ್ನು ಅವನು ಮಾತಿನಲ್ಲಿಯೇ ಹೇಳುವನು: ಊರಾಚೆಯ ಕೋಟೆಯನ್ನು ಹಾದು, ಬೂದಿಯ ಕಮರಿಗೆ ಕಟ್ಟಿರುವ ಪುರಾತನ ಸೇತುವೆಯನ್ನು ದಾಟಿ, ಗುಡ್ಡವನ್ನೇರಬೇಕು, ಬಾಗಿಲಿಗೆ ಹಿಡಿಯಿಲ್ಲ, ಹತ್ತಿರದ ಕೊಳವೆಯಲ್ಲಿರುವ ತಿರುಗಣಿಯನ್ನು ತಿರುಗಿಸಬೇಕು. ಆಡುವವನು ಇದನ್ನು ಕಾಗದದಲ್ಲಿ ಬರೆದುಕೊಂಡು ಹೊರಡಬೇಕು. ಸೇತುವೆ ತಪ್ಪಿದರೆ ಕಮರಿಯಲ್ಲಿ ಅಲೆಯಬೇಕು. ಪೆಟ್ಟಿಗೆಯು ಒಂದು ಹಲಗೆಯ ಮೇಲೆ ಕಂಡೂ ಕಾಣದಂತೆ ಕುಳಿತಿದ್ದು, ಎಷ್ಟೋ ಮಂದಿಯ ತಾಳ್ಮೆಯನ್ನು ಕೆಡಿಸಿತೆಂದು ಇಂದಿಗೂ ಹೇಳಿಕೊಳ್ಳುವರು. ಆದರೆ ಹಾಗೆ ಅಲೆದವನಿಗೆ ಆ ಕಮರಿ, ಆ ಸೇತುವೆ, ಆ ಕೋಟೆಯ ದಿಕ್ಕು ಇವೆಲ್ಲ ತನ್ನೂರಿನವಾಗಿಬಿಡುವುವು. ಹತ್ತು ವರ್ಷದ ಮೇಲೆ ಕೇಳಿದರೂ ಕಣ್ಣುಮುಚ್ಚಿ ದಾರಿ ಹೇಳಿಯಾನು.

ಬಾಯಿಮಾತಿನ ದಾರಿಯೆಂದರೇನೆಂಬುದನ್ನು ಚಳ್ಳಕೆರೆ ಸೀಮೆಯವರಿಗೆ ವಿವರಿಸಬೇಕಾದುದಿಲ್ಲ. ಉಳ್ಳಾರ್ತಿ ಕಾವಲಿನಂತಹ ಹುಲ್ಲುಬಯಲಿನಲ್ಲಿ ಹೊಸಬನ ಕಣ್ಣಿಗೆ ನಾಲ್ಕು ದಿಕ್ಕೂ ಒಂದೇ. ಕುರಿಗಾಹಿಯನ್ನು ಕೇಳಿದರೆ, ಆ ಗೋಕಟ್ಟೆಯ ಏರಿ ಹಿಡಿದು ಹೋಗಿ, ಜೋಡು ಜಾಲಿಯಿಂದ ಎಡಕ್ಕೆ ಹೊರಳಿ, ಹುತ್ತ ಬಿಟ್ಟು ಬಂಡೆ ಹಿಡಿಯಿರಿ ಎಂದಾನು. ಆ ವಾಕ್ಯದಲ್ಲಿ ನೆಲವೆಲ್ಲ ಇದೆ: ಎಲ್ಲಿ ನೀರು, ಎಲ್ಲಿ ನೆರಳು, ಎಲ್ಲಿ ದನ ತಂಗುವುದು ಎಂಬುದನ್ನೆಲ್ಲ ಹೇಳದೆಯೇ ಹೇಳುವುದು. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗಾಗಿ ಮೀಸಲಾಗಿದ್ದ ಈ ಕಾವಲುಗಳಲ್ಲಿ, 2009–10ರ ಸುಮಾರಿನಿಂದ ಸಾವಿರಾರು ಎಕರೆಗಳು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹಂಚಿಹೋಗಿ ಗೋಡೆಗಳೆದ್ದುವು. ಅದರ ನ್ಯಾಯಾನ್ಯಾಯಗಳನ್ನು ಈ ಲೇಖನದಲ್ಲಿ ತೂಗಲಾರೆ. ಅದು ಹಸುರು ನ್ಯಾಯಪೀಠದವರೆಗೂ ಹೋದ ವಿಷಯ. ಕಥೆಯ ವಿಮರ್ಶಕನಿಗೆ ಕಾಣುವುದು ಇಷ್ಟು: ಗೋಡೆಯಾಚೆಗೆ ಹೋದ ಜೋಡು ಜಾಲಿಯು ದಾರಿಯ ಮಾತಿನಿಂದಲೂ ಹೋಯಿತು. ಈಗ ಕೇಳಿದರೆ, ಗೋಡೆ ಹಿಡಿದು ಹೋಗಿ ಎಂಬುದೇ ಉತ್ತರ. ಆ ಉತ್ತರ ತಪ್ಪಲ್ಲ; ಆದರೆ ಅದರಲ್ಲಿ ನೀರಿಲ್ಲ, ನೆರಳಿಲ್ಲ.

'ಒಬ್ಲಿವಿಯನ್' ಹೊರಟಾಗ ಆಟದ ಲೋಕದಲ್ಲಿ ನಡೆದುದೂ ಇಂತಹುದೇ. ಅಲ್ಲಿ ಚಕ್ರವರ್ತಿಯೇ ಬಂದಿಯ ಕೋಣೆಯ ಮಾರ್ಗವಾಗಿ ತಪ್ಪಿಸಿಕೊಂಡು ಹೋಗುತ್ತ ಕೊಲೆಯಾಗುವನು. ಸಾಯುವ ಮುನ್ನ ರಾಜಮುದ್ರೆಯ ಪದಕವನ್ನು ನಾಯಕನ ಕೈಯಲ್ಲಿರಿಸಿ, ಇಂತಹವನಿಗೆ ಒಪ್ಪಿಸೆನ್ನುವನು. ಮತ್ತೆ ಒಯ್ಯುವ ಕಾರ್ಯವೇ. ಆದರೆ ಈಗ ಪರದೆಯ ಕೆಳಭಾಗದಲ್ಲಿ ಒಂದು ದಿಕ್ಸೂಚಿಯಿದೆ. ಅದರಲ್ಲಿ ಒಂದು ಬಾಣವು ಹೋಗಬೇಕಾದ ಬಾಗಿಲನ್ನು ಬೆರಳಿಟ್ಟು ತೋರಿಸುವುದು. ನಕ್ಷೆಯಲ್ಲಿ ಪಟ್ಟಣದ ಹೆಸರನ್ನು ಮುಟ್ಟಿದರೆ ಸಾಕು, ನಡುವಣ ದಾರಿಯೆಲ್ಲ ಮಾಯವಾಗಿ ಅಲ್ಲಿಗೇ ಇಳಿಯಬಹುದು. ಎಲ್ಲ ಪಾತ್ರಗಳಿಗೂ ನಟರಿಂದ ಕಂಠದಾನ ಮಾಡಿಸಿದರು. ಪ್ಯಾಟ್ರಿಕ್ ಸ್ಟೀವರ್ಟ್, ಷಾನ್ ಬೀನ್ ಮೊದಲಾದ ಹೆಸರಾಂತರೂ ಇದ್ದರು. ಮಾತು ಕಿವಿಗೆ ಇಂಪಾಯಿತು, ಅಳತೆಯಲ್ಲಿ ಕುಗ್ಗಿತು. ದಾರಿ ಹೇಳುವ ಉದ್ದನೆಯ ಮಾತನ್ನು ನಟನಿಂದ ಆಡಿಸುವುದು ದುಬಾರಿ, ಬಾಣವು ಅಗ್ಗ.

ಇಲ್ಲಿ ಒಬ್ಬ ಸ್ನೇಹಿತರು ಆಕ್ಷೇಪವೆತ್ತಿದರು. ಜೈಮಿನಿ ಭಾರತದಲ್ಲಿ ಯಜ್ಞದ ಕುದುರೆ ಮುಂದೆ ಹೋಗುವುದು, ಅರ್ಜುನನು ಹಿಂದೆ ಹೋಗುವನು. ಕುದುರೆಯೂ ಒಂದು ಬಾಣದ ಗುರುತೇ ಅಲ್ಲವೆ? ಮಾತು ಚಮತ್ಕಾರವಾಗಿದೆ. ಆದರೆ ಕುದುರೆಗೂ ಎಲ್ಲಿಗೆ ಹೋಗಬೇಕೆಂಬುದು ತಿಳಿಯದು. ಬಾಣಕ್ಕೆ ಎಲ್ಲವೂ ತಿಳಿದಿದೆ. ಕುದುರೆಯು ಹೆಣ್ಣುನಾಡಿಗೂ ನುಗ್ಗುವುದು, ಮಗನೇ ತಂದೆಯನ್ನೆದುರಿಸುವ ಮಣಿಪುರಕ್ಕೂ ನುಗ್ಗುವುದು. ಒಂದೆಡೆ ಬಂಡೆಗೆ ಮೈಯುಜ್ಜಿ ಅಲ್ಲಿಯೇ ಅಂಟಿಕೊಂಡುಬಿಡುವುದು. ಆಗ ಅರ್ಜುನನಂತಹ ಅರ್ಜುನನೂ ಗಾಂಡೀವವನ್ನು ಕೆಳಗಿಳಿಸಿ, ಮುನಿಯ ಆಶ್ರಮಕ್ಕೆ ಹೋಗಿ ಏಕೆ ಹೀಗಾಯಿತೆಂದು ಕೇಳಬೇಕು. ಕೇಳಿದುದರಿಂದಲೇ ಉದ್ದಾಲಕನ ಹೆಂಡತಿ ಚಂಡಿಯ ಕಥೆ ನಮಗೆ ದೊರೆತುದು. ಕುದುರೆ ನಿಂತಲ್ಲಿ ಕಥೆ ಹುಟ್ಟುವುದು. ಬಾಣವೋ, ನಿಲ್ಲುವುದನ್ನೇ ಅರಿಯದು.

ಹಾಗೆಂದು 'ಒಬ್ಲಿವಿಯನ್' ಆಟವನ್ನು ತಳ್ಳಿಹಾಕುವುದು ಅನ್ಯಾಯವಾದೀತು. ದೊಡ್ಡ ಕಥೆಯಲ್ಲಿ ಕಳೆದುಕೊಂಡುದನ್ನು ಅದು ಬಿಡಿಕಥೆಗಳಲ್ಲಿ ಬಡ್ಡಿಯೊಡನೆ ತೀರಿಸಿದೆ. ಬಾಡಿಗೆ ಕೊಲೆಗಾರರ ಗುಪ್ತಸಂಘವೊಂದರ ಕಥಾಸರಣಿಯಂತೂ ಈ ಮಾಲೆಯ ರತ್ನ. ಒಂದು ಕಾರ್ಯದಲ್ಲಿ, ಹೊರಗಿನಿಂದ ಬೀಗ ಹಾಕಿದ ಮನೆಯೊಳಗೆ ಐವರು ಅತಿಥಿಗಳು ಗುಪ್ತನಿಧಿಯ ಆಸೆಯಿಂದ ಸೇರಿರುವರು. ಆರನೆಯವನಾಗಿ ಹೋದ ನಾಯಕನು ಅವರೊಡನೆ ಉಂಡು ಮಾತಾಡುತ್ತ, ಒಬ್ಬೊಬ್ಬರನ್ನಾಗಿ ಕೊಲ್ಲಬೇಕು. ಉಳಿದವರು ಒಬ್ಬರನ್ನೊಬ್ಬರು ಶಂಕಿಸುತ್ತ, ಈ ಕೊಲೆಗಾರನಲ್ಲಿಯೇ ಬಂದು ಗುಟ್ಟು ಹೇಳಿಕೊಳ್ಳುವರು. ವಸ್ತು ಅಸಹ್ಯ, ಹುಡುಗರ ಕೈಗೆ ಕೊಡುವ ಮುನ್ನ ಹಿರಿಯರು ಯೋಚಿಸತಕ್ಕದ್ದು. ಆದರೆ ಕಥನದ ಹದ ಮಾತ್ರ ಅಸಾಧಾರಣ.

ಅದೇ ಸರಣಿಯ ಮುಂದಣ ಭಾಗವನ್ನು ನೋಡಿರಿ. ಸಂಘದಲ್ಲಿ ದ್ರೋಹಿಯೊಬ್ಬನು ಸೇರಿದ್ದಾನೆಂಬ ಶಂಕೆಯ ಮೇಲೆ, ತನ್ನೊಡನೆ ಉಂಡು ಮಲಗಿದ ಗೆಳೆಯರನ್ನೇ ಕೊಲ್ಲಬೇಕೆಂದು ನಾಯಕನಿಗೆ ಆಜ್ಞೆಯಾಗುವುದು. ಆಮೇಲೆ ಆಜ್ಞೆ ಕೊಡುವವರು ಎದುರಿಗೆ ಬರುವುದೇ ಇಲ್ಲ. ಊರೂರಿನ ಗುಪ್ತಸ್ಥಳಗಳಲ್ಲಿ ಚೀಟಿ ಇಟ್ಟು ಹೋಗುವರು. ನಾಯಕನು ಚೀಟಿಯನ್ನೆತ್ತಿ, ಓದಿ, ಬಾಣ ತೋರಿದ ಕಡೆಗೆ ಹೋಗಿ, ಕೊಂದು, ಸಂಬಳವನ್ನೂ ಮುಂದಿನ ಚೀಟಿಯನ್ನೂ ತೆಗೆದುಕೊಳ್ಳುವನು. ಹಾಗೆ ಹಲವು ಆದ ಮೇಲೆ ಅವನಿಗೆ ಆಜ್ಞೆ ಕೊಡುತ್ತಿದ್ದವನೇ ಓಡಿಬಂದು, ಏನು ಮಾಡಿದೆಯೆಂದು ಹಣೆ ಚಚ್ಚಿಕೊಳ್ಳುವನು. ಚೀಟಿಗಳನ್ನು ದ್ರೋಹಿಯು ಬದಲಾಯಿಸಿದ್ದನು. ನಾಯಕನು ಕೊಂದವರೆಲ್ಲ ಸಂಘದ ಮುಖಂಡರೇ. ಈ ಹಂತದಲ್ಲಿ ನಮ್ಮ ಹುಡುಗನು ಕೈಯನ್ನು ಕೀಲಿಮಣೆಯಿಂದ ತೆಗೆದುಬಿಟ್ಟು, "ತಾತ, ನಾನು ಓದಿ ನೋಡಲೇ ಇಲ್ಲ, ಬಾಣ ಇತ್ತು, ಹೋದೆ" ಎಂದನು. ವಿಷಯೆಯು ಪ್ರೀತಿಯಿಂದ ತಿದ್ದಿದ ಓಲೆ ಒಂದು ಪ್ರಾಣವನ್ನು ಉಳಿಸಿತು. ಇಲ್ಲಿ ದ್ವೇಷದಿಂದ ಬದಲಾದ ಓಲೆ ಅನೇಕರನ್ನು ಕೊಂದಿತು. ಬಾಣವನ್ನು ತಂದ ಆಟವೇ ಬಾಣವನ್ನು ನಂಬಿ ನಡೆದವನ ಮುಖಕ್ಕೆ ಕನ್ನಡಿ ಹಿಡಿಯಿತು. ಕವಿಗಳು ಇದನ್ನು ತಿಳಿದೇ ಮಾಡಿದರೋ ಇಲ್ಲವೋ, ಮಾಡಿದುದಂತೂ ನಿಜ.

ಮುಖ್ಯಕಥೆಯಲ್ಲಿ ಕಡೆಗೆ ಲೋಕವನ್ನು ಉಳಿಸುವವನು ಆಡುವವನಲ್ಲ. ಚಕ್ರವರ್ತಿಯ ಗುಪ್ತಪುತ್ರನಾದ ಮಾರ್ಟಿನ್ ಎಂಬ ಪೂಜಾರಿ. ತಾನೇ ಆಹುತಿಯಾಗಿ, ಬೆಂಕಿಯ ಮಹಾಸರ್ಪರೂಪವನ್ನು ತಾಳಿ, ಕಲ್ಲಾಗಿ ನಿಲ್ಲುವನು. ಆಡಿದವನು ಪಕ್ಕದಲ್ಲಿ ನಿಂತು ನೋಡಬೇಕು. ಇದನ್ನು ದೋಷವೆನ್ನುವವರು ಬಹಳ. ನನಗೆ ದೋಷವಾಗಿ ಕಾಣಲಿಲ್ಲ. ಓಲೆಯನ್ನು ಹೊತ್ತವನೇ ಯಾವಾಗಲೂ ರಾಜನಾಗಬೇಕೆಂಬ ನಿಯಮವೆಲ್ಲಿದೆ?

'ಸ್ಕೈರಿಮ್' ಎಲ್ಲಕ್ಕಿಂತಲೂ ಪ್ರಸಿದ್ಧವಾದುದು. ಹಿಮದ ನಾಡಿನ ಚೆಲುವನ್ನು ಅದರಲ್ಲಿ ಕಂಡಷ್ಟು ನಾನು ಬೇರೆಲ್ಲಿಯೂ ಕಂಡಿಲ್ಲ. ಆರಂಭವಂತೂ ತೀಕ್ಷ್ಣವಾಗಿದೆ. ಕೈಕಟ್ಟಿದ ಬಂದಿಗಳನ್ನು ಗಾಡಿಯಲ್ಲಿ ಕೊಲೆಗಂಬದೆಡೆಗೆ ಒಯ್ಯುವರು. ಪಟ್ಟಿಯನ್ನು ಓದುವವನು ನಾಯಕನ ಹೆಸರು ಅದರಲ್ಲಿಲ್ಲವೆಂದು ಕಾಣುವನು. ಮೇಲಧಿಕಾರಿಯು ಪಟ್ಟಿ ಹಾಗಿರಲಿ, ತಲೆ ತೆಗೆಯಿರೆನ್ನುವಳು. ಕಚೇರಿಯ ಕಡತಗಳೊಡನೆ ವ್ಯವಹಾರವುಳ್ಳವರಿಗೆ ಈ ದೃಶ್ಯ ಕಾಲ್ಪನಿಕವೆನಿಸದು. ಆದರೆ ಕಾರ್ಯಗಳ ರಚನೆಯಲ್ಲಿ 'ಡ್ಯಾಗರ್‌ಫಾಲಿ'ನ ಅಚ್ಚುಗಳು ಮತ್ತೆ ಬಂದುವು. ಇಂತಹ ಗುಹೆಯಲ್ಲಿ ಇಂತಹ ದರೋಡೆಗಾರನಿದ್ದಾನೆ, ಕೊಂದು ಬಾ ಎಂದು ಛತ್ರದವನು ಹೇಳುವನು. ಮುಗಿಸಿ ಬಂದರೆ ಮತ್ತೊಂದು. ಅದಕ್ಕೆ ಅಂತ್ಯವೇ ಇಲ್ಲ. ಬಾಣವನ್ನು ಆರಿಸಿ ಹಿಂದಿನಂತೆ ಕೇಳಿಕೊಂಡು ಹೋಗೋಣವೆಂದರೆ, ಹೇಳುವವರ ಬಾಯಲ್ಲಿ ದಾರಿಯೇ ಇಲ್ಲ. ಗುಹೆಯ ಹೆಸರು ಹೇಳುವರು. ಅದು ಹೊಳೆಯ ಆಚೆಯೋ ಈಚೆಯೋ ಹೇಳರು. ಬಾಣವಿರುವುದೆಂದು ನಂಬಿ ಬರೆದ ಮಾತುಗಳಾದುದರಿಂದ, ಬಾಣ ಹೋದರೆ ಮಾತು ಕುರುಡಾಗುವುದು. ಇದು ಹನ್ನೊಂದು ಹನ್ನೆರಡು ವರ್ಷದ ಹುಡುಗನಿಗೂ ಅರ್ಥವಾಯಿತೆಂಬುದನ್ನು ಬಲ್ಲೆ. ಒಂದು ದಿನ ಅವನೇ ಬಾಣವನ್ನು ಆರಿಸಿ ಪರೀಕ್ಷೆ ಮಾಡಿದ್ದನು.

ಆದರೂ ಈ ಆಟದಲ್ಲಿ ಒಂದು ಪ್ರಸಂಗವಿದೆ. ಅದಕ್ಕಾಗಿ ಉಳಿದುದನ್ನೆಲ್ಲ ಕ್ಷಮಿಸಬಹುದೆಂದು ನನಗೆ ತೋರುವುದು. ಅತ್ಯುನ್ನತವಾದ ಪರ್ವತದ ತುದಿಯಲ್ಲಿ ಪಾರ್ಥರ್ನಾಕ್ಸ್ ಎಂಬ ಮುದಿ ಮಹಾಸರ್ಪವಿದೆ. ಒಂದು ಕಾಲದಲ್ಲಿ ಮನುಷ್ಯರನ್ನು ಹಿಂಸಿಸಿದ ಸರ್ಪರಾಜನ ಬಲಗೈಯಾಗಿದ್ದು, ಬಳಿಕ ತಿರುಗಿಬಿದ್ದು, ಮನುಷ್ಯರಿಗೆ ಮಂತ್ರಶಕ್ತಿಯನ್ನು ಉಪದೇಶಿಸಿ, ತನ್ನ ಕ್ರೂರಸ್ವಭಾವವನ್ನು ತಪಸ್ಸಿನಿಂದ ಹಿಡಿದಿಟ್ಟುಕೊಂಡು ಸಾವಿರಾರು ವರ್ಷ ಕಳೆದ ಜೀವ. ನಾಯಕನಿಗೆ ಅದು ಗುರು. ಇತ್ತ ಅವನಿಗೆ ನೆರವಾದ ಯೋಧರ ಬಳಗದವರು, ಅದರ ಹಳೆಯ ಪಾಪಗಳಿಗೆ ಪ್ರಾಯಶ್ಚಿತ್ತವಾಗಿ ನೀನೇ ಅದನ್ನು ಕೊಲ್ಲು, ಇಲ್ಲವಾದರೆ ನಮ್ಮ ಸಹಾಯವಿಲ್ಲ ಎನ್ನುವರು. ಕಾರ್ಯವು ಪಟ್ಟಿಯಲ್ಲಿ ಸೇರುವುದು; ಬಾಣವು ಪರ್ವತದ ಕಡೆಗೆ ತೋರುವುದು. ಅವರೊಡನೆ ವಾದಿಸಲು, ವಾಲ್ಮೀಕಿಯೂ ಒಂದು ಕಾಲದಲ್ಲಿ ಬೇಡನಾಗಿದ್ದನಲ್ಲವೆ ಎಂಬ ಬಗೆಯ ಒಂದು ಮಾತನ್ನಾಡಲು, ಆಟವು ಅವಕಾಶವನ್ನೇ ಇರಿಸಿಲ್ಲ. ಕೊಲ್ಲಬಹುದು, ಇಲ್ಲವೆ ಸುಮ್ಮನಿರಬಹುದು. ಸುಮ್ಮನಿದ್ದರೆ ಕಾರ್ಯವು ಪಟ್ಟಿಯಿಂದ ಅಳಿಯದು.

ಇದು ರಚನೆಯ ಲೋಪವೆಂದು ಅನೇಕರು ಹೇಳಿರುವರು. ವಾದಿಸಿ ಗೆಲ್ಲುವ ದಾರಿಯನ್ನು ತಾವೇ ರಚಿಸಿ ಆಟಕ್ಕೆ ಸೇರಿಸಿದ ಆಟಗಾರರೂ ಉಂಟು. ಹಸ್ತಪ್ರತಿಗಳ ಪ್ರಕ್ಷಿಪ್ತಪದ್ಯಗಳನ್ನು ಕಂಡ ನಮಗೆ ಇದೇನೂ ಸೋಜಿಗವಲ್ಲ. ಓದುಗನಿಗೆ ಸಹಿಸದೆ ಹೋದೆಡೆಯಲ್ಲಿ ಓದುಗನೇ ಲೇಖನಿಯನ್ನು ಹಿಡಿದಿರುವನು. ವಿಷಯೆ ಮಾಡಿದುದೂ ಅದನ್ನೇ ಅಲ್ಲವೆ, ಕಣ್ಣ ಕಾಡಿಗೆಯನ್ನು ತೆಗೆದುಕೊಂಡು?

ನನಗೆ ಮಾತ್ರ ಆ ಲೋಪವು ತುಂಬಲಾರದ ಲೋಪವಾಗಿ ಉಳಿದಿರುವುದೇ ಸೊಗಸಾಗಿ ಕಾಣುವುದು. ಮಾರೋವಿಂಡಿನಲ್ಲಿ ಮೊದಲನೆಯ ಕಟ್ಟನ್ನು ಬಿಸುಟು ನಡೆದುಬಿಡುವ ಸ್ವಾತಂತ್ರ್ಯವಿದ್ದಿತು. ಅಲ್ಲಿ ಅದು ಅಗ್ಗವಾಗಿ ದೊರೆಯುತ್ತಿತ್ತು. ಇಲ್ಲಿ ಎಲ್ಲ ದಾರಿಗಳನ್ನೂ ಬಾಣವೇ ತೋರಿಸಿ, ಎಲ್ಲ ಮಾತುಗಳನ್ನೂ ಆಟವೇ ಆಡಿಸಿ ಅಭ್ಯಾಸವಾದ ಮೇಲೆ, ಒಂದೇ ಒಂದು ಸಲ ಬಾಣಕ್ಕೆ ಬೆನ್ನು ತಿರುಗಿಸಬೇಕಾಗುವುದು. ಅದಕ್ಕೆ ಬಹುಮಾನವಿಲ್ಲ, ಹೊಗಳಿಕೆಯಿಲ್ಲ, ಕಾರ್ಯ ಮುಗಿಯಿತೆಂಬ ಸದ್ದೂ ಇಲ್ಲ. ನಮ್ಮ ಹುಡುಗನ ಪಟ್ಟಿಯಲ್ಲಿ ಉಳಿದುವೆಲ್ಲ ಮುಗಿದು ಮಸುಕಾಗಿವೆ. ಆ ಒಂದು ಸಾಲು ಬೆಳ್ಳಗೆ ನಿಂತಿದೆ. ಕಳೆದ ಸಲ ಬಂದಾಗ, ಏಕೆ ಮುಗಿಸಲಿಲ್ಲವೆಂದು ಕೇಳಿದೆನು. ಅವನು ಉತ್ತರ ಕೊಡದೆ, ಪರ್ವತದ ತುದಿಗೆ ಹೋಗಿ, ಮುದಿಸರ್ಪದ ಮುಂದೆ ನಿಂತು, ಅದು ರೆಕ್ಕೆ ಮಡಿಸಿಕೊಂಡು ಕುಳಿತಿರುವುದನ್ನು ನನಗೆ ತೋರಿಸಿದನು.